ಒಟಿಪಿ ಬಾರದೆಯೂ ಹಣ ಹೋಯಿತೇ?

ಪ್ರಶ್ನೆ: ಹೊಲದ ನೋಂದಣಿಯಾಗಿ ತಿಂಗಳಾಗಿತ್ತು. ಅಪ್ಪನ ಖಾತೆಯಿಂದ 10,000 ರೂಪಾಯಿ ಹೋಗಿದೆ. ಒಟಿಪಿ ಬಂದಿಲ್ಲ, ಎಟಿಎಂ ಕಾರ್ಡೂ ಇಲ್ಲ. ಹೇಗೆ ಸಾಧ್ಯ?
– ಓದುಗರು, ಸಿಂಧನೂರು

ಉತ್ತರ: ಪಾಸ್‌ಬುಕ್ ಎಂಟ್ರಿ ಹಾಕಿಸಿ, ಆ ಸಾಲಿನಲ್ಲಿ ‘ಎಇಪಿಎಸ್’ (ಆಧಾರ್ ಮೂಲಕ ಹಣ ಪಾವತಿಸುವ ವ್ಯವಸ್ಥೆ) ಎಂದಿದೆಯೇ ನೋಡಿ. ಇದ್ದರೆ ಹಣ ತೆಗೆದದ್ದು ಬೆರಳಚ್ಚಿನಿಂದ. ಹಳ್ಳಿಗಳಲ್ಲಿ ಹಣ ಕೊಡುವ ಆ ಪುಟ್ಟ ಯಂತ್ರಕ್ಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟೇ ಸಾಕು. ಕ್ರಯಪತ್ರದ ನಕಲಿನಲ್ಲಿ ಹೆಬ್ಬೆಟ್ಟು, ಆಧಾರ್ ಸಂಖ್ಯೆ ಒಟ್ಟಿಗೇ ಸಿಕ್ಕರೆ ವಂಚಕರು ಅದರಿಂದ ಸಿಲಿಕಾನ್ ಅಚ್ಚು ತೆಗೆಯುತ್ತಾರೆ.

ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ತಡವಾದಷ್ಟೂ ಹಣ ಮರಳುವುದು ಕಷ್ಟ.

ಆಮೇಲೆ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಜಾಲತಾಣದಲ್ಲಿ ಬಯೋಮೆಟ್ರಿಕ್ (ಬೆರಳಚ್ಚು ಇತ್ಯಾದಿ) ಲಾಕ್ ಮಾಡಿ. ಅದಕ್ಕೆ ಆಧಾರ್‌ಗೆ ಮೊಬೈಲ್ ಜೋಡಣೆಯಾಗಿರಬೇಕು. ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಬೆರಳು ಹಿಡಿಯದು. ಪಾಪ, ಹಿರಿಯರು ಬೆರಳು ಸವೆದಿದೆ ಎಂದುಕೊಂಡು ಬರಿಗೈಲಿ ಮರಳುತ್ತಾರೆ. ಹೋಗುವ ಮುನ್ನ ಲಾಕ್ ತಾತ್ಕಾಲಿಕವಾಗಿ ತೆಗೆದುಕೊಡಿ.

ಜೆರಾಕ್ಸ್ ಕೇಳಿದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅಪ್ಪನ ಹೆಸರಲ್ಲಿ ಗೊತ್ತಿಲ್ಲದ ಸಿಮ್ ಇದೆಯೇ ಎಂಬುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಬಹುದು; ಇದ್ದರೆ ಅಲ್ಲೇ ‘ನನ್ನದಲ್ಲ’ ಎಂದು ದೂರು ದಾಖಲಿಸಿ.