ಪೀಕ್ ಮೀಟರ್ ಸೊನ್ನೆ ಮುಟ್ಟಿದರೂ ಹಾಡು ಮೆತ್ತಗೆ ಕೇಳಿಸೋದು ಯಾಕೆ?

ಪೀಕ್ (ದನಿ ಒಂದು ಕ್ಷಣ ಮುಟ್ಟುವ ತುತ್ತತುದಿ) ಸೊನ್ನೆ, ಅಂದರೆ ಡಿಜಿಟಲ್ ಮಿತಿಯ ಹತ್ತಿರ ಇದ್ದರೂ ಬೇರೆಯವರ ಹಾಡಿನಷ್ಟು ಜೋರಿಲ್ಲ, ಪೀಕ್ ಕತ್ತರಿಸುವ ಲಿಮಿಟರ್ ಹಾಕಿ, ಕಿವಿಗೆ ಅನ್ನಿಸುವ ಜೋರಿನ ಅಳತೆಯಲ್ಲಿ ಎಷ್ಟು ಎಲ್‌ಯುಎಫ್‌ಎಸ್‌ಗೆ ಏರಿಸಲಿ ಅಂತ ಕೇಳಿದ್ದೀರಿ. ದಯವಿಟ್ಟು ಏರಿಸಬೇಡಿ. ಹಾಗೆ ಏರಿಸಿಯೇ ನಾನು ಒಂದು ಭಾವಗೀತೆ ಆಲ್ಬಂ ಕೆಡಿಸಿದ್ದು.

ಹಾಡುಗಾರ್ತಿ, ಕೊಳಲು, ತಬಲಾ, ಹಿಂದೆ ತೆಳುವಾಗಿ ಕೀಬೋರ್ಡ್. ಮಿಕ್ಸ್ ಚೆನ್ನಾಗಿಯೇ ಕೂತಿತ್ತು. ಆದರೆ ಸಿನಿಮಾ ಹಾಡಿನ ಪಕ್ಕ ಇಟ್ಟರೆ ಸಣ್ಣದಾಗಿ ಕೇಳುತ್ತಿತ್ತು. ತಬಲಾದ 'ನಾ' ಪೆಟ್ಟು ಕೆಲವೇ ಮಿಲಿಸೆಕೆಂಡು ಸೊನ್ನೆ ಮುಟ್ಟಿ ಇಳಿಯುತ್ತೆ, ಪೀಕ್ ಮೀಟರ್ ಹಿಡಿಯೋದು ಅದನ್ನೇ. ಕಿವಿಗೆ ಜೋರು ಅನ್ನಿಸೋದು ಒಂದಷ್ಟು ಹೊತ್ತಿನ ಸರಾಸರಿಯಿಂದ. ಇದನ್ನು ಯೋಚಿಸದೆ ಇಂಟಿಗ್ರೇಟೆಡ್, ಅಂದರೆ ಇಡೀ ಹಾಡಿನ ಸರಾಸರಿ −8 ಎಲ್‌ಯುಎಫ್‌ಎಸ್ ಬರುವವರೆಗೂ ಲಿಮಿಟರಿನ ಥ್ರೆಶೋಲ್ಡ್ (ಕತ್ತರಿಸೋಕೆ ಶುರುಮಾಡುವ ಮಟ್ಟ) ಇಳಿಸುತ್ತಾ ಹೋದೆ. 'ನಾ'ದ ಟಣ್ ಅನ್ನೋ ಮೊನೆ ಹೋಗಿ ಹಲಗೆ ತಟ್ಟಿದ ಹಾಗಾಯ್ತು. ಡಗ್ಗಾದ, ಅಂದರೆ ತಬಲಾ ಜೋಡಿಯ ದಪ್ಪ ದನಿಯ ವಾದ್ಯದ, ಪೆಟ್ಟು ಬಿದ್ದಾಗಲೆಲ್ಲ ಕೊಳಲು ಒಳಕ್ಕೆ ಮುಳುಗಿ ಮತ್ತೆ ಏಳುತ್ತಿತ್ತು.

ಅಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಸ್ಪಾಟಿಫೈ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು −14ರ ಆಸುಪಾಸಿಗೆ ತರುತ್ತೆ. ನನ್ನದು ಸುಮಾರು 6 ಡಿಬಿ ಇಳಿಯಿತು. ಲಿಮಿಟರಿನಲ್ಲಿ −1ಕ್ಕೆ ಕತ್ತರಿಸಿದ್ದ ಪೀಕ್ ಈಗ −7. ಮೊದಲೇ −14ರಲ್ಲಿ ಬಿಟ್ಟವರ ತಬಲಾ ಮಾತ್ರ −1ರವರೆಗೂ ಜಿಗಿಯುತ್ತೆ. ಎರಡರ ಲೌಡ್‌ನೆಸ್ ಒಂದೇ, ಆದರೆ ಒಂದೇ ಪ್ಲೇಲಿಸ್ಟ್‌ನಲ್ಲಿ ನಮ್ಮದೇ ಸಪ್ಪೆ. ಹಾಡುಗಾರ್ತಿ ಮುಂದಿನ ಆಲ್ಬಂ ಬೇರೆಯವರಿಗೆ ಕೊಟ್ಟರು.

ಹಾಗಂತ −14 ಕೂಡ ನಿಮ್ಮ ಗುರಿ ಅಲ್ಲ. ಅದು ಅವರು ವಾಲ್ಯೂಮ್ ಸರಿಮಾಡಿಕೊಳ್ಳೋಕೆ ಇಟ್ಟುಕೊಂಡಿರೋ ಅಳತೆ. ಮಿಕ್ಸ್ ಮಾಡುವಾಗ ಆ ಸಂಖ್ಯೆ ನೋಡಲೇಬೇಡಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಮೊದಲು ಕೆಳಗಿನ ಬೇಸ್ ನೋಡಿ. ಎಲ್‌ಯುಎಫ್‌ಎಸ್ ಲೆಕ್ಕ 2006ರಲ್ಲಿ ಬಂದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಬಿಎಸ್ 1770 ಮಾನದಂಡದ್ದು. ಅದು ತೀರಾ ಕೆಳಗಿನ ಫ್ರೀಕ್ವೆನ್ಸಿಗಳಿಗೆ ಕಡಿಮೆ ತೂಕ, ಸುಮಾರು 2 ಕಿಲೋಹರ್ಟ್ಸ್ ಮೇಲಿನದಕ್ಕೆ ಹೆಚ್ಚು ತೂಕ ಕೊಡುತ್ತೆ, ನಮ್ಮ ಕಿವಿಯೂ ಹೆಚ್ಚುಕಡಿಮೆ ಹಾಗೇ. 40 ಹರ್ಟ್ಸ್ ಕೆಳಗಿನ ಗುಡುಗು ಪೀಕ್ ಮೀಟರ್ ತುಂಬಿಸುತ್ತೆ, ಕೇಳುಗರಿಗೆ ಹೆಚ್ಚೇನೂ ಕೊಡಲ್ಲ. ದನಿ, ಕೊಳಲಿನ ಟ್ರ್ಯಾಕ್‌ಗಳಿಗೆ ಹೈಪಾಸ್ (ಕೆಳಗಿನ ಫ್ರೀಕ್ವೆನ್ಸಿ ಕಡಿಯುವ ಫಿಲ್ಟರ್) ಹಾಕಿ, ಡಗ್ಗಾದ್ದು ಎಚ್ಚರದಿಂದ. ಎಷ್ಟೋ ಸಲ ಅಷ್ಟರಲ್ಲೇ ಪೀಕ್ ಮೀಟರಿನಲ್ಲಿ ಜಾಗ ಬಿಡುಗಡೆಯಾಗುತ್ತೆ.

ಆಮೇಲೆ ನೀವು ಹೋಲಿಸುತ್ತಿರೋ ಹಾಡನ್ನು ನಿಮ್ಮ ಮಿಕ್ಸಿನ ಎಲ್‌ಯುಎಫ್‌ಎಸ್‌ಗೆ ಇಳಿಸಿ, ಎರಡನ್ನೂ ಬದಲಾಯಿಸುತ್ತಾ ಕೇಳಿ. ಆಗಲೂ ನಿಮ್ಮದು ಹಿಂದೆ ಬಿದ್ದರೆ ತಪ್ಪು ಬ್ಯಾಲೆನ್ಸಿನಲ್ಲಿದೆ, ಅದನ್ನು ಟ್ರ್ಯಾಕಿನ ವಾಲ್ಯೂಮ್ ಫೇಡರಿನಲ್ಲೇ ಸರಿಮಾಡಿ. ಕೊನೆಗೆ ಟ್ರೂ ಪೀಕ್ (ಸ್ಯಾಂಪಲ್‌ಗಳ ನಡುವೆ ಏರುವುದನ್ನೂ ಲೆಕ್ಕ ಹಿಡಿಯುವ ಪೀಕ್) −1 ಮೀರದ ಹಾಗೆ ನೋಡಿಕೊಂಡು ಎಕ್ಸ್‌ಪೋರ್ಟ್ ಮಾಡಿ.