‘ಬೈಲು’ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬೈಲು ಅಂದರೆ ಹುಲ್ಲು ಬೆಳೆದ ಜೌಗು ನೆಲ, ‘ಬೈಹುಲ್ಲು’ ಸವೆದು ‘ಬೈಲು’ ಆಯಿತು ಅಂತ ಬರೆದಿದ್ದೀರಿ. ಓದಲು ಮಜವಾಗಿದೆ. ಆದರೆ ತಪ್ಪು.

ತಮಿಳು, ಮಲಯಾಳದಲ್ಲಿ ಇದೇ ಪದ ‘ವಯಲ್’. ಅಲ್ಲಿ ಅದಕ್ಕೆ ಗದ್ದೆ ಅನ್ನುವ ಅರ್ಥ. ಅವರಲ್ಲಿ ‘ವ’ದಿಂದ ಶುರುವಾಗುವ ಎಷ್ಟೋ ಪದ ನಮ್ಮಲ್ಲಿ ‘ಬ’ದಿಂದ ಶುರುವಾಗುತ್ತವೆ. ವಾಯ್ ಬಾಯಿ, ವಿಲ್ ಬಿಲ್ಲು, ವೇರ್ ಬೇರು. ಹಾಗೇ ವಯಲ್ ಬಯಲು. ಅದನ್ನೇ ನಾವು ಬೇಗ ಹೇಳಿ ಬೈಲು ಮಾಡಿಕೊಂಡೆವು. ಇನ್ನು ಹುಲ್ಲಿನ ಕಥೆ. ಹಳಗನ್ನಡದಲ್ಲಿ ಹುಲ್ಲು ‘ಪುಲ್’, ತಮಿಳಿನಲ್ಲಿ ಇವತ್ತಿಗೂ ‘ಪುಲ್’. ಹುಲ್ಲು ಇನ್ನೂ ಪುಲ್ ಆಗಿದ್ದಾಗಲೇ ‘ಬಯಲ್’ ಬಳಕೆಯಲ್ಲಿತ್ತು. ಹಾಗಿರುವಾಗ ಅದರೊಳಗೆ ‘ಹುಲ್ಲು’ ಬಂದು ಕೂರಲು ಹೇಗೆ ಸಾಧ್ಯ?

ಜೌಗು ಅನ್ನುವುದೂ ಪದದಲ್ಲಿಲ್ಲ. ಗುಟ್ಟು ಬಯಲಾಯಿತು ಅನ್ನುತ್ತೇವೆ. ಬಟ್ಟಬಯಲು ಅನ್ನುತ್ತೇವೆ. ಚಿತ್ರದುರ್ಗದವರು ತಮ್ಮ ಒಣ ನೆಲವನ್ನೇ ಬಯಲುಸೀಮೆ ಅನ್ನುತ್ತಾರೆ. ಕನ್ನಡದಲ್ಲಿ ಪದದ ತಿರುಳು ತೆರೆದ ನೆಲ, ಅಷ್ಟೇ. ನೀರು ಸೇರಿಸಿದ್ದು ನಮ್ಮ ಉಡುಪಿ ಕಡೆಯ ಊರು. ಇಲ್ಲಿ ತೆರೆದು ಸಮವಾಗಿ ಸಿಗುವುದು ಗುಡ್ಡಗಳ ನಡುವಿನ ತಗ್ಗು ಮಾತ್ರ ಅಲ್ವಾ? ಮುರಕಲ್ಲಿನ (ಸಣ್ಣ ತೂತುಗಳ ಕೆಂಪು ಕಲ್ಲು) ಗುಡ್ಡ ಕುಡಿದ ಮಳೆನೀರು ನಿಧಾನಕ್ಕೆ ಅಲ್ಲಿಗೇ ಒಸರುತ್ತದೆ. ಅದಕ್ಕೇ ಬೈಲು ಗದ್ದೆಯಲ್ಲಿ ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಿಗೆಯ ಕೊಳಕೆ ಅಂತ ಮೂರು ಭತ್ತದ ಬೆಳೆ. ಸ್ವಲ್ಪ ಮೇಲಿನ ಮಜಲಿನಲ್ಲಿ ಎರಡು, ಅದಕ್ಕೂ ಮೇಲಿನ ಬೆಟ್ಟಿನಲ್ಲಿ ಒಂದು. (ಬೆಟ್ಟು ಅಂದರೆ ಬೆಟ್ಟ ಅಲ್ಲ, ಅದೂ ಗದ್ದೆಯೇ. ಮೂರನೇ ಪುಟ ತಿದ್ದಿಕೊಳ್ಳಿ.)

ಕಾಸರಗೋಡಿನ ಗಡಿ ದಾಟಿದರೆ ಇದಕ್ಕೆ ಕಾನೂನಿನ ಸಾಕ್ಷಿಯೇ ಸಿಗುತ್ತದೆ. ಕೇರಳ 2008ರಲ್ಲಿ ತಂದ ಕಾಯ್ದೆಯ ಹೆಸರಿನಲ್ಲಿ ‘ನೆಲ್‌ವಯಲ್’ ಬೇರೆ, ‘ತಣ್ಣೀರ್‌ತಡಂ’ ಬೇರೆ. ಮೊದಲನೆಯದು ಭತ್ತದ ಗದ್ದೆ, ಎರಡನೆಯದು ಜೌಗು ನೆಲ. ಎರಡನ್ನೂ ಕಾಪಾಡಬೇಕು ಅನ್ನುತ್ತದೆ ಕಾಯ್ದೆ, ಆದರೆ ಎರಡೂ ಒಂದೇ ಅನ್ನುವುದಿಲ್ಲ.

ನಿಮಗೆ ಹೀಗೆ ಅನ್ನಿಸಿದ್ದು ಯಾಕೆ ಅಂತ ನಿಮ್ಮ ಐದನೇ ಪುಟ ಓದಿದ ಮೇಲೆ ಗೊತ್ತಾಯಿತು. ನೀವು ನೋಡಿದ್ದು ಬೇಸಾಯವಿಲ್ಲದೆ ಹಡಿಲು ಬಿದ್ದ ಬೈಲು. ಮಳೆ ಬಿಟ್ಟ ಮೇಲೆ ಊರವರು ಸೇರಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡವಾಗಿ ಮಣ್ಣಿನ ಕಟ್ಟ ಹಾಕುತ್ತಿದ್ದರು, ಅರ್ಧ ಗದ್ದೆ ಹಡಿಲಾದ ಮೇಲೆ ಕಟ್ಟಕ್ಕೆ ಜನ ಬರಲಿಲ್ಲ, ಕೊಳಕೆಗೆ ನೀರಿಲ್ಲದೆ ಉಳಿದವರೂ ಬೇಸಾಯ ಬಿಟ್ಟರು ಅಂತ ಬರೆದಿದ್ದೀರಲ್ಲ, ಇಡೀ ಲೇಖನದಲ್ಲಿ ಜೀವ ಇರುವುದು ಅಲ್ಲೇ. ತೋಡಿನ ಹೂಳು ತೆಗೆಯುವವರಿಲ್ಲ, ಗದ್ದೆಯ ಬದು, ಕಟ್ಟಪುಣಿ, ಕುಸಿದಿದೆ, ಮಳೆಗಾಲದ ನೀರು ಹರಿದುಹೋಗದೆ ಅಲ್ಲೇ ನಿಲ್ಲುತ್ತದೆ, ಜೇಕು ಹುಲ್ಲು ಎದ್ದಿದೆ. ಇವತ್ತಿನ ಈ ನೋಟವನ್ನೇ ಪದದ ಹಳೇ ಅರ್ಥ ಅಂದುಕೊಂಡಿರಿ. ಬೈಲು ಜೌಗಾದದ್ದು ನಮ್ಮ ಕಣ್ಣೆದುರು. ಬರೆಯಬೇಕಾದ ವಿಷಯ ಅದು.

ಹಾಗಾಗಿ ಪದದ ಮೂಲಕ್ಕೆ ಎರಡು ಪ್ಯಾರಾ ಸಾಕು. ಅದನ್ನು ಬರೆಯುವ ಮೊದಲು ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಹೋಗಿ ಬನ್ನಿ. ಆರು ಸಂಪುಟದ ತುಳು ನಿಘಂಟು ತಂದವರು ಅವರೇ. ಉಡುಪಿಯಲ್ಲೇ ಕೂತು ಅದನ್ನು ತೆರೆಯದೆ ಪದಮೂಲ ಬರೆದದ್ದು ನನಗೆ ಅಷ್ಟು ಹಿಡಿಸಲಿಲ್ಲ. ನಿಘಂಟಿನಲ್ಲಿ ‘ಬೈಲು’ ಒಂದನ್ನೇ ನೋಡಿ ಮುಚ್ಚಬೇಡಿ. ಮಜಲು, ಬೆಟ್ಟು, ಹಡಿಲು ಎಲ್ಲ ನೋಡಿ.

ಉಳಿದ ಜಾಗವೆಲ್ಲ ಐದನೇ ಪುಟಕ್ಕೆ ಕೊಡಿ. ಕಟ್ಟಕ್ಕೆ ಮಣ್ಣು, ಸೊಪ್ಪು ಎಲ್ಲಿಂದ ತರುತ್ತಿದ್ದರು, ಯಾರ ಗದ್ದೆಗೆ ಮೊದಲು ನೀರು, ಜಗಳ ಆದರೆ ಮಾತು ಯಾರದ್ದು, ಇದೆಲ್ಲ ಕೇಳಿ ಬರೆಯಿರಿ. ‘ಹಸಿರು ಹೊದಿಕೆ’, ‘ಪ್ರಕೃತಿಮಾತೆಯ ಮಡಿಲು’ ನಾನೇ ಹೊಡೆದು ಹಾಕಿದ್ದೇನೆ, ಬೇಜಾರು ಮಾಡಬೇಡಿ. ತಿದ್ದಿ ಕಳಿಸಿದರೆ ಮಳೆಗಾಲದ ಸಂಚಿಕೆಗೆ ನೋಡೋಣ. ಗದ್ದೆಯ ಫೋಟೋ ಹಾಕುವುದಾದರೆ ಗದ್ದೆಯವರನ್ನು ಒಂದು ಮಾತು ಕೇಳಿಬಿಡಿ.

— ಸಂಪಾದಕ