ಪ್ರತಿಕ್ರಿಯೆ: ಕಾರವಾರದ ಮಳೆಗಾಲದಲ್ಲಿ ಗಂಟು ಕಟ್ಟಿದ ವೇ ಪ್ರೋಟೀನ್, ಕ್ರಿಯಾಟಿನ್

ನಿಮ್ಮ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ), ಕ್ರಿಯಾಟಿನ್ (ವ್ಯಾಯಾಮ ಮಾಡುವವರು ಶಕ್ತಿಗೆ ತಗೊಳ್ಳೋ ಪುಡಿ) ಎರಡೂ ಗಂಟು ಕಟ್ಟಿವೆ, ಇನ್ನೂ ಬಳಸಬಹುದಾ ಅಂತ ಕೇಳಿದ್ದೀರಿ. ಗಂಟು ಕಟ್ಟಿರೋದು ಬಹುಶಃ ತೇವದಿಂದ. ಅವಧಿ ಇನ್ನೂ ಒಂದು ವರ್ಷ ಇದೆ ಅಂದಿರಿ, ಆದರೆ ಆ ದಿನಾಂಕ ಸೀಲ್ ಒಡೆಯದೆ ಒಣ ಜಾಗದಲ್ಲಿಟ್ಟ ಡಬ್ಬಿಯದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಮುಚ್ಚಳ ತೆಗೆದಾಗಲೆಲ್ಲ ಒದ್ದೆ ಗಾಳಿ ಒಳಗೆ ಹೋಗುತ್ತೆ. ನಿಮ್ಮ ಡಬ್ಬಿ ಒಲೆ ಪಕ್ಕ ಬೇರೆ ಇದೆ, ಕುಚ್ಚಲಕ್ಕಿ ಬೇಯುವ ಹಬೆಯೂ ಸೇರುತ್ತೆ.

ಮೊದಲು ವೇ ನೋಡಿ. ಒಂದು ಗಂಟು ತಟ್ಟೆಗೆ ಹಾಕಿ ಬೆರಳಲ್ಲಿ ಒತ್ತಿ. ಪುಡಿಯಾಗಿ ಉದುರಿ, ಎಂದಿನ ವಾಸನೆಯೇ ಇದ್ದರೆ ಜರಡಿ ಹಿಡಿದು ಬಳಸಿ. ಹುಳಿ ಅಥವಾ ಕಮಟು ವಾಸನೆ ಬಂದರೆ, ಬೂಷ್ಟಿನ ಚುಕ್ಕೆ ಕಂಡರೆ ಪೂರ್ತಿ ಎಸೆಯಿರಿ. ಚುಕ್ಕೆ ಇರೋ ಭಾಗ ಮಾತ್ರ ತೆಗೆದು ಉಳಿದದ್ದನ್ನು ದಯವಿಟ್ಟು ಕುಡಿಯಬೇಡಿ, ದುಡ್ಡು ಹೋದರೆ ಹೋಗಲಿ. ವಾಸನೆ ಸರಿಯಿದ್ದು ಬೆರಳಿಗೆ ಅಂಟುತ್ತಿದ್ದರೆ ಇಲ್ಲಿಂದ ಖಚಿತವಾಗಿ ಹೇಳೋದು ಕಷ್ಟ, ನಾನಾದರೆ ಬಳಸೋದಿಲ್ಲ.

ಕ್ರಿಯಾಟಿನ್ ಮೊನೊಹೈಡ್ರೇಟ್ ಅಷ್ಟು ಸುಲಭಕ್ಕೆ ಕೆಡೋದಿಲ್ಲ. ಒಣ ಗಂಟಾದರೆ ಪುಡಿ ಮಾಡಿ ಬಳಸಬಹುದು. ಗಂಟಿದ್ದಾಗ ಸ್ಕೂಪ್ ಅಳತೆ ತಪ್ಪುತ್ತೆ, ಹಾಗಾಗಿ 3–5 ಗ್ರಾಂ ತೂಗಿ ಹಾಕಿ. ನೀರಲ್ಲಿ ಬೆರೆಸಿಟ್ಟರೆ ನಿಧಾನಕ್ಕೆ ಕ್ರಿಯಾಟಿನಿನ್ ಅನ್ನೋ ಉಪಯೋಗಕ್ಕೆ ಬಾರದ ವಸ್ತು ಆಗುತ್ತೆ, ಹಾಗಾಗಿ ಕುಡಿಯುವಾಗಲೇ ಕಲಸಿ.

ಇನ್ನು ಮುಂದೆ ಹದಿನೈದು ದಿನಕ್ಕಾಗುವಷ್ಟನ್ನು ರಬ್ಬರ್ ರಿಂಗ್ ಇರುವ ಗಾಜಿನ ಡಬ್ಬಿಗೆ ಹಾಕಿಕೊಳ್ಳಿ. ಉಳಿದದ್ದನ್ನು ಗಾಳಿ ಹೊರಗೆ ಒತ್ತಿ ಜಿಪ್ ಚೀಲದಲ್ಲಿ ಕಟ್ಟಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಸಮೇತ ಮೂಲ ಡಬ್ಬಿಯಲ್ಲಿಟ್ಟು ಕೋಣೆಯ ಕಪಾಟಿಗೆ ಸೇರಿಸಿ. ಸ್ಕೂಪ್ ಒಣಗಿರಲಿ. ಫ್ರಿಜ್ ಬೇಡ: ಹೊರತೆಗೆದು ಮುಚ್ಚಳ ತೆರೆದ ಕೂಡಲೇ ತಣ್ಣಗಿನ ಪುಡಿ ಮೇಲೆ ನೀರು ಕೂರುತ್ತೆ.